ಬೇಗ ಕಲಿಯುವ ಮಗುವಿಗೆ ಶಾಲೆ ಏನು ಕೊಡಬೇಕು: ನಲಿಕಲಿಯಿಂದ ಪಿಯುಸಿವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಶಾಲೆಗಳಲ್ಲಿ ‘ವಿಶೇಷ ತರಗತಿ’ ಎಂದರೆ ಹಿಂದೆ ಬಿದ್ದ ಮಕ್ಕಳನ್ನು ಪಾಸಿನ ಗೆರೆ ದಾಟಿಸುವ ತರಗತಿ. ಅದು ಬೇಕೇ ಬೇಕು. ಆದರೆ ಅದೇ ಕೋಣೆಯ ಮೂರನೇ ಸಾಲಿನಲ್ಲಿ ಇನ್ನೊಂದು ಮಗು ಕೂತಿರುತ್ತದೆ. ಬೋರ್ಡಿನ ಮೇಲೆ ಎರಡನೇ ಲೆಕ್ಕ ಬೀಳುವಷ್ಟರಲ್ಲಿ ಅದು ಹತ್ತನೆಯದನ್ನು ಮುಗಿಸಿ ಕಿಟಕಿಯಾಚೆ ನೋಡುತ್ತಿರುತ್ತದೆ. ‘ಇದರ ಚಿಂತಿ ಬ್ಯಾಡ, ಹೆಂಗಾದರೂ ಪಾಸಾಗತೈತಿ’ ಎಂದು ಅದನ್ನು ಅಲ್ಲಿಗೇ ಬಿಡುತ್ತೇವೆ. ಹಾಗೆ ಬಿಟ್ಟ ಮಗು ಏಳೆಂಟು ವರ್ಷ ಕಾಯುವುದನ್ನಷ್ಟೇ ಕಲಿಯುತ್ತದೆ. ಬಗೆಹರಿಯದ ಒಂದು ಪ್ರಶ್ನೆಯ ಮುಂದೆ ಅರ್ಧ ಗಂಟೆ ಹೆಣಗಾಡುವ ಅಭ್ಯಾಸ ಅದಕ್ಕೆ ಆಗುವುದೇ ಇಲ್ಲ. ಪಿಯುಸಿಯಲ್ಲಿ ಮೊದಲ ಸಲ ಎಡವಿದಾಗ ಏಳುವುದು ಹೇಗೆಂದು ಗೊತ್ತಾಗದೆ ಕುಸಿಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಭಾವಂತ ಮಕ್ಕಳಿಗೆ ಪೂರಕ ಪಾಠ, ವಿಷಯವಾರು ಕ್ಲಬ್, ಯೋಜನಾ ಕೆಲಸ ಕೊಡಬೇಕು ಎನ್ನುತ್ತದೆ. ಕಾಗದದ ಮೇಲಿನ ಆ ಮಾತನ್ನು ಎರಡೇ ಕೋಣೆಯ ಶಾಲೆಯಲ್ಲಿ, ಒಬ್ಬರೇ ಗಣಿತ ಶಿಕ್ಷಕರಿರುವಲ್ಲಿ ಹೇಗೆ ನಡೆಸುವುದು ಎಂಬುದೇ ಇಲ್ಲಿನ ವಿಷಯ. ಒಂದು ಸೂತ್ರವನ್ನು ಮೊದಲೇ ಹೇಳಿಬಿಡಬೇಕು: ಈ ಮಕ್ಕಳಿಗೆ ಹೆಚ್ಚು ಕೆಲಸ ಬೇಡ, ಬೇರೆ ಕೆಲಸ ಬೇಕು. ಹತ್ತು ಲೆಕ್ಕ ಬೇಗ ಮುಗಿಸಿದವಳಿಗೆ ಅದೇ ಥರದ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಅದು ಶಿಕ್ಷೆ. ಮರುದಿನದಿಂದ ಅವಳು ಬೇಕೆಂದೇ ನಿಧಾನವಾಗಿ ಬರೆಯುತ್ತಾಳೆ.

ಗುರುತಿಸುವುದು: ‘ಶಾಣ್ಯಾ’ ಎಂಬ ಮಾತಿನ ಮೋಸ

ನಮ್ಮ ಕಡೆ ‘ಶಾಣ್ಯಾ ಹುಡುಗ’ ಎಂದರೆ ಮುದ್ದಾದ ಅಕ್ಷರ, ಹೇಳಿದ ಮಾತು ಕೇಳುವ ಗುಣ, ಒಳ್ಳೆಯ ಅಂಕ. ಅಸಾಮಾನ್ಯ ಬುದ್ಧಿಯ ಮಗುವಿಗೆ ಈ ಮೂರೂ ಇಲ್ಲದಿರಬಹುದು. ಅದರ ಯೋಚನೆ ಕೈಗಿಂತ ಮುಂದೆ ಓಡುವುದರಿಂದ ಅಕ್ಷರ ಕೆಟ್ಟದಾಗಿರುತ್ತದೆ. ಉತ್ತರ ಮಾತ್ರ ಬರೆದು ಹಂತಗಳನ್ನು ಬಿಡುತ್ತದೆ. ‘ಯಾಕ್ರೀ?’ ಎಂದು ಮೇಲಿಂದ ಮೇಲೆ ಕೇಳಿ ಬೈಸಿಕೊಳ್ಳುತ್ತದೆ. ಅಮೆರಿಕದ ಜೋಸೆಫ್ ರೆಂಜುಲಿ 1978ರಲ್ಲಿ ಮುಂದಿಟ್ಟ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಹಟ, ಈ ಮೂರು ಸೇರುವಲ್ಲಿ ಪ್ರತಿಭೆ ಕಾಣುತ್ತದೆ. ಅಂಕಪಟ್ಟಿ ಇವುಗಳಲ್ಲಿ ಮೊದಲನೆಯದನ್ನು ಮಾತ್ರ, ಅದನ್ನೂ ಅರ್ಧಂಬರ್ಧವಾಗಿ ತೋರಿಸುತ್ತದೆ.

ಶಾಲೆಯೇ ಮಾಡಿಕೊಳ್ಳಬಹುದಾದ ಗುರುತಿಸುವಿಕೆಗೆ ಆರು ವಾರ ಸಾಕು. ಪ್ರತಿ ತರಗತಿಗೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಇಡೀ ತರಗತಿಗೆ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಕೊಡಿ, 20 ನಿಮಿಷ ಸುಮ್ಮನೆ ನೋಡಿ. ಉದಾಹರಣೆಗೆ ಮೂರನೇ ತರಗತಿಗೆ: ಎರಡು ಅಂಕಿಗಳನ್ನು ಕೂಡಿಸಿದರೆ 12 ಬರುವ ಎರಡಂಕಿ ಸಂಖ್ಯೆಗಳು ಎಷ್ಟು? ಉತ್ತರ ಏಳು: 39, 48, 57, 66, 75, 84, 93. ಹೆಚ್ಚಿನ ಮಕ್ಕಳು ಎರಡೋ ಮೂರೋ ಸಿಕ್ಕಿದ ಮೇಲೆ ನಿಲ್ಲಿಸುತ್ತಾರೆ. ಒಂದು ಮಗು ಸಾಲಾಗಿ ಬರೆಯುತ್ತದೆ, ‘2ರಿಂದ ಶುರುವಾಗೂದು ಬರೂದಿಲ್ಲ, ಯಾಕಂದ್ರ ಅದಕ್ಕ 10 ಅನ್ನೂ ಅಂಕಿ ಬೇಕಾಗತೈತಿ’ ಎನ್ನುತ್ತದೆ. ಆ ಮಗುವಿನ ಹೆಸರು, ತಾರೀಖು, ಅದು ಆಡಿದ ಮಾತು ಇದ್ದಂತೆಯೇ ನೋಟ್‌ಬುಕ್ಕಿಗೆ ಹೋಗಬೇಕು. ‘ಜಾಣ’, ‘ಚುರುಕು’ ಎಂದು ಬರೆದರೆ ಮುಂದಿನ ವರ್ಷ ಬರುವ ಶಿಕ್ಷಕರಿಗೆ ಅದರಿಂದ ಏನೂ ತಿಳಿಯದು.

ಆರು ಪ್ರಶ್ನೆಗಳಲ್ಲಿ ಎರಡು ಗಣಿತದ್ದು, ಒಂದು ಚಿತ್ರ-ಆಕಾರದ್ದು, ಒಂದು ಭಾಷೆಯದ್ದು, ಒಂದು ಕೈಕೆಲಸದ್ದು, ಒಂದು ‘ಹೀಗಾದರೆ ಏನಾಗುತ್ತದೆ’ ಬಗೆಯದ್ದು ಇರಲಿ. ಆಕಾರದ ಪ್ರಶ್ನೆ ಈ ಜಿಲ್ಲೆಗಳಲ್ಲಿ ಬಹಳ ಮುಖ್ಯ. ರಾಯಚೂರು, ಬಳ್ಳಾರಿಯ ಎಷ್ಟೋ ಮಕ್ಕಳ ಮನೆಮಾತು ತೆಲುಗು ಅಥವಾ ಉರ್ದು, ತಾಂಡಾದ ಮಕ್ಕಳದ್ದು ಲಂಬಾಣಿ. ಕನ್ನಡದ ಪದ ಸಿಗದೆ ಸುಮ್ಮನಿರುವ ಮಗುವನ್ನು ನಿಧಾನದ ಮಗು ಎಂದು ಓದಿಬಿಡುವುದು ಇಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಬೆಂಕಿಕಡ್ಡಿ, ಹುಣಸೆಬೀಜ, ಮಡಚಿದ ಕಾಗದ ಕೊಟ್ಟು ಕೈಯಲ್ಲಿ ಉತ್ತರ ತೋರಿಸಲು ಬಿಡಿ.

ಇನ್ನೆರಡು ಗುಂಪುಗಳು ಕಣ್ಣು ತಪ್ಪುತ್ತವೆ. ಒಂದು, ಗುಳೆ ಹೋಗುವ ಮನೆಯ ಮಕ್ಕಳು ಮತ್ತು ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸುವ ಹೆಣ್ಣುಮಕ್ಕಳು. ಎರಡು ತಿಂಗಳು ಬರದೆ, ಬಂದ ಮೂರೇ ವಾರದಲ್ಲಿ ಪಾಠವನ್ನೆಲ್ಲ ಹಿಡಿದುಬಿಡುವ ಮಗುವಿನ ವಾರ್ಷಿಕ ಅಂಕ ಸಾಧಾರಣವಾಗಿರಬಹುದು, ಅದು ಹಿಡಿದ ವೇಗ ಸಾಧಾರಣವಲ್ಲ. ಇನ್ನೊಂದು, ಬಾಯಿಮಾತಿನಲ್ಲಿ ಅದ್ಭುತವಾಗಿ ವಿವರಿಸಿ ಬರೆಯಲು ಕೂತಾಗ ಅಕ್ಷರ ತಲೆಕೆಳಗಾಗುವ ಮಕ್ಕಳು. ಇವರಲ್ಲಿ ಕೆಲವರಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅದೂ ಇದೆ. ಓದು-ಬರಹಕ್ಕೆ ನೆರವು ಮತ್ತು ಬುದ್ಧಿಗೆ ಸವಾಲು, ಎರಡನ್ನೂ ಒಟ್ಟಿಗೆ ಕೊಡಬೇಕು. ‘ಮೊದಲು ಕಾಗುಣಿತ ಸರಿಯಾಗಲಿ, ಆಮೇಲೆ ಉಳಿದದ್ದು’ ಎಂದರೆ ಆ ‘ಆಮೇಲೆ’ ಬರುವುದೇ ಇಲ್ಲ.

ಐಕ್ಯೂ ಪರೀಕ್ಷೆ ಬೇಕೇ ಎಂದು ಪೋಷಕರು ಕೇಳುತ್ತಾರೆ. ಬಿನೆ-ಕಾಮತ್ ಪರೀಕ್ಷೆ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ರೂಪುಗೊಂಡದ್ದು, ಭಾಷೆಯಿಲ್ಲದ ರೇವನ್ ಪರೀಕ್ಷೆಯೂ ಇದೆ. ಅರ್ಹ ಮನಶ್ಶಾಸ್ತ್ರಜ್ಞರು ಮಾತ್ರ ಮಾಡಬೇಕಾದ ಪರೀಕ್ಷೆಗಳಿವು. ಕಲಿಕಾ ನ್ಯೂನತೆಯ ಅನುಮಾನ ಇದ್ದಾಗ ಮಾಡಿಸಿ. ತರಗತಿಯಲ್ಲಿ ಬೇರೆ ಕೆಲಸ ಕೊಡಲು ಇವು ಬೇಕಿಲ್ಲ. ಆ ಸಂಖ್ಯೆಯನ್ನು ಮಗುವಿಗಾಗಲಿ ಊರಿಗಾಗಲಿ ಹೇಳಬೇಡಿ.

1ರಿಂದ 3: ಏಣಿಯ ತುದಿ ಮುಟ್ಟಿದವರಿಗೆ

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಪದ್ಧತಿ ಬೇಗ ಕಲಿಯುವ ಮಗುವಿಗೆ ಹೇಳಿ ಮಾಡಿಸಿದಂತಿದೆ. ಕಲಿಕಾ ಏಣಿ, ಮೈಲಿಗಲ್ಲು, ಐದು ತಟ್ಟೆ (ಶಿಕ್ಷಕರ ನೆರವಿನಿಂದ ಸ್ವಕಲಿಕೆಯವರೆಗಿನ ಐದು ಗುಂಪು) ಎಲ್ಲವೂ ಮಗು ತನ್ನ ವೇಗದಲ್ಲಿ ಹತ್ತಲೆಂದೇ ಇರುವುದು. ತೊಂದರೆ ಎರಡು ಕಡೆ ಹುಟ್ಟುತ್ತದೆ. ಮೊದಲನೆಯದು, ಅನುಕೂಲಕ್ಕಾಗಿ ಎಲ್ಲರನ್ನೂ ಒಂದೇ ಮೈಲಿಗಲ್ಲಿನಲ್ಲಿ ನಿಲ್ಲಿಸಿಕೊಳ್ಳುವುದು. ಹಾಗೆ ಮಾಡಿದರೆ ಅದು ಕಾರ್ಡ್ ಹಿಡಿದ ಹಳೆಯ ತರಗತಿಯೇ ಆಯಿತು. ಎರಡನೆಯದು, ಮುಂದೆ ಹೋದ ಮಗುವನ್ನು ಗೆಳೆಯರ ಬೆಂಬಲಿತ ತಟ್ಟೆಯಲ್ಲಿ ಶಾಶ್ವತವಾಗಿ ಕೂರಿಸಿ ಚಿಕ್ಕ ಮಾಸ್ತರನನ್ನಾಗಿ ಮಾಡುವುದು. ಗೆಳೆಯರಿಗೆ ಹೇಳಿಕೊಡುವುದು ಒಳ್ಳೆಯದೇ, ಆದರೆ ದಿನಕ್ಕೆ 15 ನಿಮಿಷದ ಮೇಲೆ ಬೇಡ. ಆ ಮಗುವೂ ಕಲಿಯಲೆಂದೇ ಶಾಲೆಗೆ ಬಂದಿದೆ.

ಸ್ವಕಲಿಕೆ ತಟ್ಟೆಯ ಪಕ್ಕದಲ್ಲಿ ಒಂದು ಡಬ್ಬಿ ಇಡಿ. ಅದರಲ್ಲಿ ಏಣಿಯಲ್ಲಿ ಇಲ್ಲದ 30 ಕಾರ್ಡ್ ಇರಲಿ: ಕೊನೆ ಇಲ್ಲದ ಕಥೆ, ಒಂದು ಪದ ಬದಲಿಸಿದರೆ ಅರ್ಥ ತಿರುವುಮುರುವಾಗುವ ವಾಕ್ಯ, ಐದು ಬೆಂಕಿಕಡ್ಡಿಯಲ್ಲಿ ಎರಡು ತ್ರಿಕೋನ, ಬಸ್ ಟಿಕೆಟ್ಟಿನ ಮೇಲಿನ ಸಂಖ್ಯೆಗಳಿಂದ ಮಾಡುವ ಆಟ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಕತ್ತರಿಸಿದರೆ ಖರ್ಚೇ ಇಲ್ಲ. ಮೇಲಿನ ತರಗತಿಯ ಓದುವ ಪುಸ್ತಕಗಳನ್ನು ಕಪಾಟಿನಿಂದ ಹೊರಗೆ, ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳ ಸದಸ್ಯತ್ವ ಮಾಡಿಸುವುದು ಈ ವಯಸ್ಸಿನಲ್ಲೇ ಆಗಬೇಕಾದ ಕೆಲಸ.

ಬೇಗ ಓದಲು ಕಲಿತ ಮಗುವೆಲ್ಲ ಅಸಾಮಾನ್ಯ ಪ್ರತಿಭೆಯಲ್ಲ ಎಂಬುದೂ ನೆನಪಿರಲಿ. ಅಕ್ಷರ ತಿಳಿದ ಅಕ್ಕನೊಬ್ಬಳು ಮನೆಯಲ್ಲಿದ್ದರೆ ಐದು ವರ್ಷಕ್ಕೇ ಓದಬಹುದು. ಮೂರನೇ ತರಗತಿಯವರೆಗೆ ಯಾರ ಮೇಲೂ ಹಣೆಪಟ್ಟಿ ಅಂಟಿಸದೆ ಕೆಲಸವನ್ನು ಮಾತ್ರ ಬದಲಿಸಿ.

4 ಮತ್ತು 5: ನವೋದಯದ ಓಟ

ಈ ವಯಸ್ಸಿಗೆ ಬಂದ ಕೂಡಲೇ ‘ಪ್ರತಿಭೆ’ ಎಂದರೆ ನವೋದಯ, ಮೊರಾರ್ಜಿ ದೇಸಾಯಿ, ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ ಎಂದಾಗಿಬಿಡುತ್ತದೆ. ಅವಕಾಶಗಳು ನಿಜವಾಗಿಯೂ ದೊಡ್ಡವು. ಕೊಪ್ಪಳ ಜಿಲ್ಲೆಗೆ ಕುಕನೂರಿನಲ್ಲಿ, ರಾಯಚೂರು ಜಿಲ್ಲೆಗೆ ಮುದಗಲ್ಲಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 40 ಪ್ರಶ್ನೆಗೆ 50 ಅಂಕ, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ.

ತಪ್ಪುವುದು ಇಲ್ಲಿ: ಈ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು, ಅದೂ ಐದನೇ ತರಗತಿಯಲ್ಲಿ ಓದುತ್ತಿರುವಾಗ, ಅದೇ ಜಿಲ್ಲೆಯ ಶಾಲೆಯಲ್ಲಿ. ‘ಇನ್ನೊಂದು ವರ್ಷ ಐದರಲ್ಲೇ ಕೂರಿಸಿ ಕೋಚಿಂಗ್ ಕೊಡಿಸ್ತೀವಿ’ ಎಂದು ಬೇರೆ ಜಿಲ್ಲೆಯ ವಸತಿ ಕೋಚಿಂಗಿಗೆ ಮಗುವನ್ನು ಬಿಡುವ ಪೋಷಕರು ಅರ್ಹತೆಯನ್ನೇ ಕಳೆಯುತ್ತಾರೆ. ಅದನ್ನು ಜೂನ್ ತಿಂಗಳ ಪೋಷಕರ ಸಭೆಯಲ್ಲೇ ಬಿಡಿಸಿ ಹೇಳಬೇಕು. ತಯಾರಿಗೆ ದಿನಕ್ಕೆ 40 ನಿಮಿಷ, ಪರೀಕ್ಷೆಗೆ ಮುಂಚಿನ ನಾಲ್ಕು ತಿಂಗಳು ಸಾಕು. ಮೊದಲ ತಿಂಗಳು ಆಕೃತಿ ಪ್ರಶ್ನೆ, ಎರಡನೇ ತಿಂಗಳು ಅಂಕಗಣಿತ, ಮೂರನೆಯದರಲ್ಲಿ ವಾಚನ ಭಾಗ, ಕೊನೆಯಲ್ಲಿ ವಾರಕ್ಕೆರಡು ಪೂರ್ಣ ಪತ್ರಿಕೆ. ಓಎಂಆರ್ ಹಾಳೆಯ ವೃತ್ತ ತುಂಬುವುದನ್ನು ಪ್ರತ್ಯೇಕವಾಗಿ ಹತ್ತು ಸಲವಾದರೂ ಅಭ್ಯಾಸ ಮಾಡಿಸಿ. ಉತ್ತರ ಗೊತ್ತಿದ್ದೂ ಒಂದು ಸಾಲು ಕೆಳಗೆ ತುಂಬಿ ಸೀಟು ಕಳೆದುಕೊಳ್ಳುವುದು ಹೊಟ್ಟೆ ಉರಿಸುವ ಸಂಗತಿ.

ಒಂದು ನವೋದಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಉಳಿದವರು ನಮ್ಮ ಶಾಲೆಯಲ್ಲೇ ಇರುತ್ತಾರೆ. ಆಯ್ಕೆಯಾಗದ ಮಗುವಿಗೆ ಫಲಿತಾಂಶದ ಮರುದಿನದಿಂದಲೇ ಹೊಸ ಕೆಲಸ ಕೈಗೆ ಕೊಡಿ. ಪರೀಕ್ಷೆ ಮುಗಿದ ಕೂಡಲೇ ಡಬ್ಬಿಯ ಕಾರ್ಡುಗಳೂ ಮುಚ್ಚಿಹೋದರೆ, ತಾನು ಸೋತೆನೆಂದೇ ಅದು ತಿಳಿಯುತ್ತದೆ.

6 ಮತ್ತು 7: ಪಾಠ ಕಿರಿದಾಗಿಸುವುದು

ಎಲ್ಲ ಹಂತಗಳಲ್ಲಿ ಅತಿ ಹೆಚ್ಚು ಫಲ ಕೊಡುವ, ಅತಿ ಕಡಿಮೆ ಬಳಕೆಯಾಗುವ ವಿಧಾನ ಇದು. ಮಗುವಿಗೆ ಈಗಾಗಲೇ ಬರುವುದನ್ನು ಮತ್ತೆ ಕಲಿಸದೆ, ಉಳಿದ ಸಮಯವನ್ನು ಅದಕ್ಕೇ ಕೊಡುವುದು. ಏಳನೇ ತರಗತಿಯ ಭಿನ್ನರಾಶಿ ಪಾಠಕ್ಕೆ 12 ಅವಧಿ ಇಟ್ಟುಕೊಂಡಿದ್ದೀರಿ ಎನ್ನಿ.

ಪಾಠ ಶುರುವಾಗುವ ಮುನ್ನವೇ, ಪಾಠದ ಕೊನೆಯ ಅಭ್ಯಾಸಗಳಿಂದ ಅತ್ಯಂತ ಕಠಿಣವಾದ 10 ಪ್ರಶ್ನೆ ಆರಿಸಿ ಒಂದು ಅವಧಿಯಲ್ಲಿ ಎಲ್ಲರಿಗೂ ಕೊಡಿ. ‘ಇದು ಅಂಕಕ್ಕಲ್ಲ, ಬರದಿದ್ದರೂ ಪರವಾಗಿಲ್ಲ’ ಎಂದು ಹೇಳಿ. 8 ಅಥವಾ ಮೇಲೆ ಸರಿ ಮಾಡಿದವರು ಆ ಪಾಠದಿಂದ ಬಿಡುಗಡೆ ಪಡೆಯುತ್ತಾರೆ. 6 ಅಥವಾ 7 ಬಂದವರ ತಪ್ಪು ಎಲ್ಲಿದೆ ನೋಡಿ: ಭಾಗಾಕಾರ ಮಾತ್ರ ತಪ್ಪಿದ್ದರೆ ಅವರು ಆ ಎರಡು ಅವಧಿಗೆ ಮಾತ್ರ ತರಗತಿಯ ಜೊತೆ ಕೂರಲಿ. ಉಳಿದವರಿಗೆ ಎಂದಿನ ಪಾಠ. ಬಿಡುಗಡೆಯಾದ ಮಗು ಕೋಣೆಯಿಂದ ಹೊರಗೆ ಹೋಗಬೇಕಿಲ್ಲ. ಹಿಂದಿನ ಬೆಂಚಿನಲ್ಲಿ ತನ್ನ ಕೆಲಸ ಮಾಡುತ್ತದೆ. ಪಾಠದ ಘಟಕ ಪರೀಕ್ಷೆಯನ್ನು ಮಾತ್ರ ಎಲ್ಲರ ಜೊತೆ ಬರೆಯುತ್ತದೆ, ಅದರ ಅಂಕವೇ ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗೆ ಹೋಗುತ್ತದೆ. ಪಾಠ ಬಿಟ್ಟದ್ದಕ್ಕೆ ಮೇಲಿನವರು ಕೇಳಿದರೆ ಪೂರ್ವ ಪರೀಕ್ಷೆಯ ಹಾಳೆಯನ್ನೇ ತೋರಿಸಿ. ಅದಕ್ಕಾಗಿಯೇ ಆ ಹಾಳೆಯನ್ನು ಎಸೆಯಬಾರದು.

ಹತ್ತು ಪ್ರಶ್ನೆಯ ಪರೀಕ್ಷೆಗೂ ಪುರುಸೊತ್ತಿಲ್ಲದ ದಿನ ಇನ್ನೊಂದು ದಾರಿಯಿದೆ. ಆ ದಿನದ ಅಭ್ಯಾಸದಲ್ಲಿ ಕಠಿಣವಾದ ಐದು ಲೆಕ್ಕಗಳಿಗೆ ಬೋರ್ಡಿನ ಮೇಲೆ ನಕ್ಷತ್ರ ಹಾಕಿ. ಅವನ್ನೇ ಮೊದಲು ಮಾಡಿ ನಾಲ್ಕು ಸರಿಯಾದವರಿಗೆ ಉಳಿದ ಇಪ್ಪತ್ತು ಮಾಫಿ. ಎರಡೇ ವಾರದಲ್ಲಿ ನೀವು ಊಹಿಸದ ಒಬ್ಬಿಬ್ಬರು ಈ ಪಟ್ಟಿಯಲ್ಲಿ ಕಾಣಿಸುತ್ತಾರೆ.

ಬಿಡುಗಡೆಯಾದ ಹತ್ತು ಅವಧಿಯಲ್ಲಿ ಏನು ಮಾಡಿಸುವುದು ಎಂಬಲ್ಲೇ ಹೆಚ್ಚಿನ ಶಿಕ್ಷಕರು ತಡವರಿಸುವುದು. ತಯಾರಿ ಇಲ್ಲದಿದ್ದರೆ ಮಗು ನೋಟ್‌ಬುಕ್ ತಿದ್ದುವ, ಚಹಾ ತರುವ, ಮಾನಿಟರ್ ಆಗಿ ಹೆಸರು ಬರೆಯುವ ಕೆಲಸಕ್ಕೆ ಹೋಗುತ್ತದೆ. ಇಲ್ಲಿನ ನೆಲದಿಂದಲೇ ತೆಗೆದ ಮೂರು ಕೆಲಸಗಳು ಇಲ್ಲಿವೆ, ಪ್ರತಿಯೊಂದೂ ಎಂಟು-ಹತ್ತು ಅವಧಿ ಹಿಡಿಯುತ್ತದೆ.

ಚೌಕಾಬಾರದ ಕವಡೆ. ನಾಲ್ಕು ಕವಡೆ ಎಸೆದರೆ ಬೀಳುವ ಬಗೆಗಳು 16. ಒಂದು ಮಾತ್ರ ಮೇಲ್ಮುಖವಾಗುವುದು 4 ಬಗೆ, ಎರಡು 6 ಬಗೆ, ಮೂರು 4 ಬಗೆ, ನಾಲ್ಕೂ 1 ಬಗೆ, ಒಂದೂ ಇಲ್ಲದ್ದು 1 ಬಗೆ. ಚೌಕ (ನಾಲ್ಕೂ ಮೇಲ್ಮುಖ) ಮತ್ತು ಬಾರಕ್ಕೆ (ಒಂದೂ ಇಲ್ಲದ್ದು) ಮತ್ತೊಂದು ಆಟ ಏಕೆ ಸಿಗುತ್ತದೆ ಎಂಬುದು ಮಗುವಿಗೆ ಇಲ್ಲೇ ಹೊಳೆಯುತ್ತದೆ. ಆದರೆ ಇದನ್ನು ಮೊದಲೇ ಹೇಳಬೇಡಿ. 160 ಸಲ ಎಸೆದು ಬರೆದುಕೊಳ್ಳಲಿ. ಲೆಕ್ಕದ ಪ್ರಕಾರ ಎರಡು ಸುಮಾರು 60 ಸಲ ಬರಬೇಕು. ಬರುವುದಿಲ್ಲ, ಏಕೆಂದರೆ ಕವಡೆ ನಾಣ್ಯದಂತೆ ಎರಡೂ ಕಡೆ ಸಮವಾಗಿಲ್ಲ. ಹಾಗಾದರೆ ಒಂದೊಂದು ಕವಡೆ ಎಷ್ಟು ವಾಲುತ್ತದೆ, ಹುಣಸೆಬೀಜ ಒಡೆದು ಎಸೆದರೆ ಏನಾಗುತ್ತದೆ? ಪಿಯುಸಿಯ ಸಂಭವನೀಯತೆ ಏಳನೇ ತರಗತಿಯ ಬೆಂಚಿನ ಮೇಲೆ ಬಂದು ಕೂರುತ್ತದೆ.

ತುಂಗಭದ್ರೆಯ ನೀರು. ಮಳೆಗಾಲದಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ಗರಿಷ್ಠ ಮಟ್ಟ 1,633 ಅಡಿ, ಸಂಗ್ರಹ 105.788 ಟಿಎಂಸಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಒಂದು ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಸಂಖ್ಯೆಯನ್ನು ಮಗುವೇ ಕಂಡುಹಿಡಿಯಬೇಕು. ನಂತರ 30 ದಿನ ಪತ್ರಿಕೆಯ ತುಣುಕು ಅಂಟಿಸಿ, ಇವತ್ತಿನ ಹರಿವಿನಿಂದ ನಾಳೆಯ ಸಂಗ್ರಹವನ್ನು ಮುಂಚೆಯೇ ಬರೆದಿಡಲಿ. ಲೆಕ್ಕ ತಾಳೆಯಾಗದ ದಿನ ಆವಿಯಾಗುವಿಕೆ, ಹರಿವಿನ ಏರಿಳಿತ, ಅಂದಾಜು ಅಳತೆಯ ಪ್ರಶ್ನೆಗಳು ತಾವಾಗಿ ಏಳುತ್ತವೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಕುಗ್ಗಿದ ಲೆಕ್ಕ ಮುಂದಿನ ಹೆಜ್ಜೆ. 2024ರ ಆಗಸ್ಟ್‌ನಲ್ಲಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದ ದಿನಗಳ ಪತ್ರಿಕೆ ಗ್ರಂಥಾಲಯದಲ್ಲಿ ಸಿಕ್ಕರೆ, ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸುವವರೆಗೆ ಎಷ್ಟು ಟಿಎಂಸಿ ಹೋಯಿತು ಎಂಬ ಪ್ರಶ್ನೆಗೆ ಎಂಟನೇ ತರಗತಿಯ ಮಕ್ಕಳೂ ಕೂರಬಹುದು.

ಮೂರನೆಯದು ಭಾಷೆ, ಇತಿಹಾಸ ಹಿಡಿಸಿದ ಮಗುವಿಗೆ. ಪ್ರತಿಭೆ ಎಂದರೆ ಗಣಿತವೊಂದೇ ಎಂಬ ಭ್ರಮೆಯಿಂದ ಈ ಮಕ್ಕಳಿಗೆ ತುಂಬ ಅನ್ಯಾಯವಾಗಿದೆ. 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಅಕ್ಷರಮಾಲೆಯ ಒಂದು ಹಾಳೆ ಕೊಟ್ಟರೆ ಚುರುಕಾದ ಮಗು ಒಂದೇ ವಾರದಲ್ಲಿ ತನ್ನ ಹೆಸರು ಬರೆಯುತ್ತದೆ, ಮೂರನೇ ವಾರಕ್ಕೆ ‘ದೇವಾನಂಪಿಯ’ (ದೇವರಿಗೆ ಪ್ರಿಯ) ಎಂಬ ಅಶೋಕನ ಬಿರುದನ್ನು ಶಾಸನದ ಚಿತ್ರದಲ್ಲಿ ಗುರುತಿಸುತ್ತದೆ. ಆಮೇಲೆ ‘ಕ’, ‘ಗ’, ‘ತ’ ಅಕ್ಷರಗಳು ಅಲ್ಲಿಂದ ಇಂದಿನ ಕನ್ನಡಕ್ಕೆ ಹೇಗೆ ದುಂಡಗಾದವು ಎಂದು ಸಾಲಾಗಿ ಬಿಡಿಸಲಿ. ಜಾಗಕ್ಕೆ ಕರೆದೊಯ್ದರೆ ಬಂಡೆಗೆ ಸೀಮೆಸುಣ್ಣ ಹಚ್ಚಬಾರದು, ನೋಡಿ ಬರೆದುಕೊಳ್ಳುವುದಷ್ಟೇ.

ಈ ಕೆಲಸಗಳಿಗೂ ಗಡುವು ಬೇಕು, ಕೊನೆಗೆ ಯಾರಿಗಾದರೂ ತೋರಿಸುವುದು ಬೇಕು. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ದಂದು ಹತ್ತು ನಿಮಿಷ ತರಗತಿಯ ಮುಂದೆ ಹೇಳಲಿ. ವಾರಕ್ಕೊಮ್ಮೆ ಐದು ನಿಮಿಷ ಶಿಕ್ಷಕರು ಪಕ್ಕ ಕೂತು ಕೇಳಲಿ. ಆ ಐದು ನಿಮಿಷ ತಪ್ಪಿದರೆ ಒಂದೂವರೆ ತಿಂಗಳಲ್ಲಿ ಕೆಲಸ ನಿಲ್ಲುತ್ತದೆ. ಮಗು ಎಷ್ಟೇ ಬುದ್ಧಿವಂತವಾದರೂ ಅದು ಹನ್ನೆರಡು ವರ್ಷದ ಮಗುವೇ.

ಆರನೇ ತರಗತಿಯಿಂದ ಇನ್‌ಸ್ಪೈರ್-ಮಾನಕ್ ಯೋಜನೆಗೂ ಮಕ್ಕಳ ಆಲೋಚನೆ ಕಳಿಸಬಹುದು. ಒಂದು ಶಾಲೆಯಿಂದ 5 ಆಲೋಚನೆ, ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ. ಯೂಟ್ಯೂಬ್‌ನಲ್ಲಿ ಕಂಡ ಮಾದರಿ ನಕಲು ಮಾಡಿ ಕಳಿಸಿದರೆ ಮೊದಲ ಜರಡಿಯಲ್ಲೇ ಬೀಳುತ್ತದೆ. ಮೆಣಸಿನಕಾಯಿ ಒಣಗಿಸುವಾಗ ಅವ್ವನ ಕೈ ಉರಿಯುವುದರ ಬಗ್ಗೆ ಮಗುವೇ ಯೋಚಿಸಿದ್ದು ನಿಲ್ಲುತ್ತದೆ.

8: ಎನ್‌ಎಂಎಂಎಸ್, ಹಾಗೂ ಹಣ ಕೈತಪ್ಪುವ ಜಾಗಗಳು

ಬಡ ಮನೆಯ ಪ್ರತಿಭಾವಂತ ಮಗುವನ್ನು ಹತ್ತನೇ ತರಗತಿಯಾಚೆಗೂ ಶಾಲೆಯಲ್ಲಿ ಉಳಿಸುವ ದೊಡ್ಡ ನೆರವು ಎನ್‌ಎಂಎಂಎಸ್, ಅಂದರೆ ಪರೀಕ್ಷೆ ಬರೆದು ಪಡೆಯುವ ಕೇಂದ್ರದ ವಿದ್ಯಾರ್ಥಿವೇತನ: 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಎಂಟನೇ ತರಗತಿಯವರು ಬರೆಯಬಹುದು. ಏಳರಲ್ಲಿ ಶೇ 55 ಅಂಕ, ಪರಿಶಿಷ್ಟರಿಗೆ ಶೇ 50. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಯವರಿಗೆ ಇಲ್ಲ. ಪತ್ರಿಕೆ ಎರಡು, ತಲಾ 90 ಪ್ರಶ್ನೆ, 90 ನಿಮಿಷ: ಒಂದು ಮಾನಸಿಕ ಸಾಮರ್ಥ್ಯ, ಇನ್ನೊಂದು ವಿಜ್ಞಾನ, ಸಮಾಜ, ಗಣಿತ. ಅರ್ಹತೆಗೆ ಎರಡೂ ಸೇರಿ ಶೇ 40, ಪರಿಶಿಷ್ಟರಿಗೆ ಶೇ 32. ಆಯ್ಕೆ ಮೆರಿಟ್ ಮೇಲೆ.

ಒಂದು ಪ್ರಶ್ನೆಗೆ ಒಂದೇ ನಿಮಿಷ. ಹಾಗಾಗಿ ತಯಾರಿಯ ಸಮಯವೆಲ್ಲ ಹೊಸ ವಿಷಯಕ್ಕೆ ಹೋಗದೆ, ಬಿಡಬೇಕಾದ ಪ್ರಶ್ನೆಯನ್ನು ಹತ್ತು ಸೆಕೆಂಡಿನಲ್ಲಿ ಗುರುತಿಸುವ ಅಭ್ಯಾಸಕ್ಕೂ ಹೋಗಬೇಕು. ಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಸರಣಿ ಮತ್ತು ಗುಪ್ತ ಭಾಷೆಯ ಪ್ರಶ್ನೆಗಳಲ್ಲಿ ಸಿಕ್ಕಿಕೊಂಡು, ಸುಲಭವಾದ ಕೊನೆಯ ಇಪ್ಪತ್ತು ಪ್ರಶ್ನೆ ಮುಟ್ಟದೆ ಬಿಡುವುದರಿಂದ.

ಪರೀಕ್ಷೆ ಪಾಸಾದ ಮೇಲೆ ಹಣ ತಪ್ಪುವುದು ಕಾಗದಪತ್ರದಲ್ಲಿ. ಆಧಾರ್, ಸ್ಯಾಟ್ಸ್ (ಶಾಲೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಪ್ರತಿ ಅಕ್ಷರ ಒಂದೇ ಆಗಿರಬೇಕು. ತಂದೆಯ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ತಡೆಯಾಗುತ್ತದೆ. ಖಾತೆ ಮಗುವಿನ ಹೆಸರಲ್ಲೇ ಇರಬೇಕು, ಆಧಾರ್ ಜೋಡಣೆಯಾಗಿರಬೇಕು. ಆದಾಯ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಜುಲೈನಲ್ಲೇ ಅರ್ಜಿ ಹಾಕಿಸಿ. ಮನೆಯವರು ಗುಳೆ ಹೋದ ಮೇಲೆ ಸಹಿ ಸಿಗುವುದಿಲ್ಲ. ಆಯ್ಕೆಯಾದವರು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಅತಿ ಹೆಚ್ಚು ಕೈತಪ್ಪುವ ಹಂತ ಹತ್ತರಿಂದ ಹನ್ನೊಂದಕ್ಕೆ ಹೋಗುವಾಗ: ಹತ್ತರಲ್ಲಿ ಶೇ 60 (ಪರಿಶಿಷ್ಟರಿಗೆ 55) ಬೇಕು, ಹೊಸ ಪಿಯು ಕಾಲೇಜು ಅರ್ಜಿಯನ್ನು ಪರಿಶೀಲಿಸಿ ಮುಂದೆ ಕಳಿಸಬೇಕು, ಕಾಲೇಜು ಖಾಸಗಿಯಾದರೆ ವೇತನವೇ ನಿಲ್ಲುತ್ತದೆ. ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಆ ಜೂನ್‌ನಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಒಂದೊಂದು ಫೋನ್ ಮಾಡಿದರೆ 24,000 ರೂಪಾಯಿ ಉಳಿಯುತ್ತದೆ.

9 ಮತ್ತು 10: ಇಂಗ್ಲಿಷಿನ ಸೇತುವೆ

ಕನ್ನಡ ಮಾಧ್ಯಮದ ಪ್ರತಿಭಾವಂತ ಮಕ್ಕಳು ಪಿಯುಸಿ ವಿಜ್ಞಾನದಲ್ಲಿ ಮೊದಲ ಮೂರು ತಿಂಗಳು ಕತ್ತಲಲ್ಲಿ ಕಳೆಯುತ್ತಾರೆ. ಬುದ್ಧಿ ಕಡಿಮೆಯಾಗಿರುವುದಿಲ್ಲ, ಶಬ್ದ ಗೊತ್ತಿರುವುದಿಲ್ಲ. ಇದಕ್ಕೆ ಒಂಬತ್ತರ ಜೂನ್‌ನಲ್ಲೇ ಶುರುಮಾಡಿ. ನಮ್ಮ ಪ್ರೌಢಶಾಲೆಯ ಗಣಿತ, ವಿಜ್ಞಾನ ಪುಸ್ತಕಗಳು ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತವೆ, ಹಾಗಾಗಿ ಅದೇ ಪಾಠದ ಇಂಗ್ಲಿಷ್ ರೂಪ ಉಚಿತವಾಗಿ ಡೌನ್‌ಲೋಡ್ ಆಗುತ್ತದೆ. ವಾರಕ್ಕೆ ಕನ್ನಡದಲ್ಲಿ ಓದಿ ಅರ್ಥವಾದ ಎರಡೇ ಪುಟವನ್ನು ಇಂಗ್ಲಿಷಿನಲ್ಲಿ ಓದಲಿ. ಎರಡು ಕಾಲಂ ನೋಟ್‌ಬುಕ್ಕಿನಲ್ಲಿ ವಾರಕ್ಕೆ 15 ಶಬ್ದ: ವೇಗೋತ್ಕರ್ಷದ ಎದುರು ಆಕ್ಸಿಲರೇಷನ್, ಜಡತ್ವದ ಎದುರು ಇನರ್ಷಿಯಾ. ಎರಡು ವರ್ಷದಲ್ಲಿ ಸಾವಿರ ಶಬ್ದ ದಾಟುತ್ತದೆ. ಹತ್ತನೇ ತರಗತಿಯ ನಂತರ ರಜೆಯಲ್ಲಿ ಒಮ್ಮೆಲೇ ಮಾಡುತ್ತೇವೆ ಎಂದವರು ಮಾಡಿದ್ದು ಕಡಿಮೆ.

ಗಣಿತದ ಹಸಿವಿರುವವರಿಗೆ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆ. ಎಂಟರಿಂದ ಹನ್ನೆರಡನೇ ತರಗತಿಯವರು ಬರೆಯಬಹುದು. ಮೂರು ಗಂಟೆ, 30 ಪ್ರಶ್ನೆ, ಎರಡು, ಮೂರು, ಐದು ಅಂಕದವು ಹತ್ತು ಹತ್ತು. ಉತ್ತರ 00ರಿಂದ 99ರೊಳಗಿನ ಪೂರ್ಣಾಂಕ. ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ತೆಗೆಯುವ ಮಗು ಇಲ್ಲಿ ಮೊದಲ ಸಲ ಹದಿನೈದು ಅಂಕ ತೆಗೆದು ಅಳಬಹುದು. ಅದನ್ನು ಮುಂಚೆಯೇ ಹೇಳಿ: ಒಂದು ಪ್ರಶ್ನೆಗೆ ಒಂದು ವಾರ ಹಿಡಿದರೂ ಸರಿ. ಗೋಡೆಗೆ ಒಂದು ಪ್ರಶ್ನೆ ಅಂಟಿಸಿ ಸೋಮವಾರದಿಂದ ಶನಿವಾರದವರೆಗೆ ಬಿಡಿ, ಉತ್ತರ ಹೇಳಿಕೊಡಬೇಡಿ. ನೀವೂ ಬಿಡಿಸಲಾಗದ ಪ್ರಶ್ನೆ ಬಂದರೆ ‘ನನಗೂ ಗೊತ್ತಿಲ್ಲ, ಇಬ್ಬರೂ ನೋಡೋಣ’ ಎನ್ನಿ. ಶಿಕ್ಷಕರು ಹೆಣಗಾಡುವುದನ್ನು ಕಣ್ಣಾರೆ ನೋಡಿದ ಮಗು ತಾನೂ ಹೆಣಗಾಡಲು ಹೆದರುವುದಿಲ್ಲ. ವಿಜ್ಞಾನ ಶಿಕ್ಷಕರು ತಮ್ಮನ್ನೂ ಗಟ್ಟಿ ಮಾಡಿಕೊಳ್ಳಬೇಕೆಂದರೆ ಚಳ್ಳಕೆರೆ ಬಳಿಯ ಐಐಎಸ್‌ಸಿ ಆವರಣದಲ್ಲಿ ಶಿಕ್ಷಕರ ತರಬೇತಿ ನಡೆಯುತ್ತದೆ. ಬಳ್ಳಾರಿಗೆ ಅದು ನೆರೆಯ ಜಿಲ್ಲೆ.

ಹತ್ತನೇ ತರಗತಿಯಲ್ಲಿ ಜನವರಿಯ ನಂತರ ಹೊಸದೇನೂ ಬೇಡ. ಆದರೆ ಚುರುಕು ಮಗುವನ್ನು ಬೆಳಗಿನ ಮತ್ತು ಸಂಜೆಯ ಎರಡೂ ವಿಶೇಷ ತರಗತಿಗೆ ಕೂರಿಸಿ, ಪಾಸಿಂಗ್ ಪ್ಯಾಕೇಜನ್ನು ಇಪ್ಪತ್ತು ಸಲ ಬರೆಸುವುದು ಬೇಡವೇ ಬೇಡ.

ತರಗತಿ ಹಾರಿಸಬಹುದೇ?

ಒಂದೇ ವಿಷಯದಲ್ಲಿ ಮುಂದೆ ಕಳಿಸುವುದು ಸುಲಭ. ಐದನೆಯವಳು ಗಣಿತದ ಅವಧಿಗೆ ಮಾತ್ರ ಏಳರ ಕೋಣೆಗೆ ಹೋಗಿ ಕೂರಲು ಎರಡೂ ತರಗತಿಯ ಗಣಿತ ಅವಧಿ ಒಂದೇ ವೇಳೆಗೆ ಬರುವಂತೆ ವೇಳಾಪಟ್ಟಿ ಹೊಂದಿಸಿದರೆ ಸಾಕು. ಹಾಜರಿ, ಪರೀಕ್ಷೆ ಅವಳ ತರಗತಿಯಲ್ಲೇ ಉಳಿಯುತ್ತವೆ. ಇಡೀ ತರಗತಿ ಹಾರಿಸುವುದು ಸ್ಯಾಟ್ಸ್ ದಾಖಲೆ, ವಯಸ್ಸಿನ ನಿಯಮ, ಮುಂದಿನ ಪ್ರವೇಶ ಪರೀಕ್ಷೆಗಳ ಅರ್ಹತೆ ಎಲ್ಲವನ್ನೂ ಮುಟ್ಟುತ್ತದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಲಿಖಿತ ಒಪ್ಪಿಗೆ ಇಲ್ಲದೆ ಅದಕ್ಕೆ ಕೈಹಾಕಬೇಡಿ. ಎತ್ತರದಲ್ಲಿ ಚಿಕ್ಕ, ಕಬಡ್ಡಿಯಲ್ಲಿ ಯಾರೂ ಸೇರಿಸಿಕೊಳ್ಳದ ಮಗುವಿನ ಒಂಟಿತನವನ್ನೂ ತೂಗಿ ನೋಡಿ.

ಪಿಯುಸಿ

ಇಲ್ಲಿ ಶಾಲೆಯ ಕೆಲಸ ಹೆಚ್ಚಾಗಿ ಮಾಹಿತಿ ತಲುಪಿಸುವುದು. ಎಲ್ಲ ಜಾಣರನ್ನೂ ನೀಟ್ ಸಾಲಿಗೆ ನಿಲ್ಲಿಸುವ ಮುನ್ನ ಮೂಲವಿಜ್ಞಾನ, ಗಣಿತ ಕಲಿಸುವ ರಾಷ್ಟ್ರೀಯ ಸಂಸ್ಥೆಗಳಾದ ಐಸರ್, ಭಾರತೀಯ ಸಾಂಖ್ಯಿಕ ಸಂಸ್ಥೆ, ನೈಸರ್‌ಗೆ ಹೋಗುವ ನೆಸ್ಟ್ ಪರೀಕ್ಷೆಗಳ ಹೆಸರು ಸೂಚನಾ ಫಲಕದ ಮೇಲೆ ಬರಲಿ. ಪಿಯುಸಿ ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಜೆಇಇ ಮೇನ್ ಮತ್ತು ನೀಟ್ ಕನ್ನಡದಲ್ಲೂ ಇವೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪ್ರಥಮ ಪಿಯುಸಿಯಲ್ಲೇ ಮಾಡಿಸಿಕೊಳ್ಳಲಿ. ಈ ಭಾಗದ ಸಂಸ್ಥೆಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಅದರ ಮೇಲೆ ನಿಂತಿದೆ.

ಕೈಯಿಂದ ಕೈಗೆ ದಾಟುವ ಒಂದು ಹಾಳೆ

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ನೀರುಪಾಲಾಗುವುದು ಏಳರಿಂದ ಎಂಟಕ್ಕೆ, ಹತ್ತರಿಂದ ಹನ್ನೊಂದಕ್ಕೆ, ಮತ್ತು ಶಿಕ್ಷಕರ ವರ್ಗಾವಣೆಯಲ್ಲಿ. ವರ್ಗಾವಣೆ ಪತ್ರದಲ್ಲಿ ಜಾತಿ, ಜನ್ಮದಿನಾಂಕ ಇರುತ್ತದೆ, ಮಗು ಏನು ಯೋಚಿಸುತ್ತದೆ ಎಂಬುದು ಇರುವುದಿಲ್ಲ. ಅದಕ್ಕೆ ಒಂದೇ ಹಾಳೆ ಸಾಕು. ಮೇಲ್ಭಾಗದಲ್ಲಿ ಮಗು ಬಿಡಿಸಿದ ಅತಿ ಕಠಿಣ ಕೆಲಸ ಯಾವುದು, ಹೇಗೆ ಬಿಡಿಸಿತು, ನಾಲ್ಕು ಸಾಲು. ಅದರ ಕೆಳಗೆ ಯಾವ ಪಾಠಗಳಿಂದ ಬಿಡುಗಡೆ ಸಿಕ್ಕಿತ್ತು, ಪೂರ್ವ ಪರೀಕ್ಷೆಯ ಅಂಕ. ನಂತರ ಅರ್ಧಕ್ಕೆ ನಿಂತಿರುವ ಕೆಲಸ, ಎಲ್ಲಿ ನಿಂತಿದೆ. ಆಮೇಲೆ ಗಮನಿಸಬೇಕಾದ್ದು: ತಪ್ಪಾದರೆ ಹಾಳೆ ಹರಿಯುತ್ತಾನೆ, ನವೆಂಬರ್-ಜನವರಿಯಲ್ಲಿ ಹೊಲಕ್ಕೆ ಹೋಗುತ್ತಾಳೆ, ಮನೆಮಾತು ತೆಲುಗು. ಕೊನೆಗೆ ಅರ್ಜಿ ಹಾಕಿದ ಪರೀಕ್ಷೆ, ವಿದ್ಯಾರ್ಥಿವೇತನದ ನೋಂದಣಿ ಸಂಖ್ಯೆ, ನವೀಕರಿಸಬೇಕಾದ ತಿಂಗಳು.

ಮೂರು ಪ್ರತಿ ಮಾಡಿ. ಒಂದು ಶಾಲೆಯ ಫೈಲಿಗೆ, ಒಂದು ಪೋಷಕರ ಕೈಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಂದು ಹೊಸ ಶಾಲೆಯ ತರಗತಿ ಶಿಕ್ಷಕರಿಗೆ. ಮೂರನೆಯದನ್ನು ಅಂಚೆಯಲ್ಲಿ ಕಳಿಸಬೇಡಿ. ಜೂನ್ ಮೊದಲ ವಾರದ ಕ್ಲಸ್ಟರ್ ಸಭೆಯಲ್ಲಿ ಕೈಗೇ ಕೊಟ್ಟು, ಮಗುವಿನ ಹೆಸರು ಹೇಳಿ, ಐದು ನಿಮಿಷ ಮಾತಾಡಿ.